ಡಿಶ್‌ವಾಷರ್ ಕೊಳ್ಳುವ ಮುನ್ನ ನಿಮ್ಮ ಮನೆಯ ನೀರು ಎಂಥದ್ದು ನೋಡಿ

ನಮ್ಮ ಎದುರುಮನೆಯ ಗೆಳತಿಯ ಯುಟಿಲಿಟಿಯಲ್ಲಿ ಒಂದು ಡಿಶ್‌ವಾಷರ್ ಇದೆ. ಅದರ ತಲೆ ಮೇಲೆ ಈರುಳ್ಳಿ ಬುಟ್ಟಿ. ಹೊಟ್ಟೆಯೊಳಗೆ ಹಬ್ಬಕ್ಕೆ ಮಾತ್ರ ಹೊರಗೆ ಬರುವ ದೊಡ್ಡ ಪಾತ್ರೆಗಳು. ಚೀಟಿ ಎತ್ತಿದ ದುಡ್ಡಿನಲ್ಲಿ ಆಸೆಪಟ್ಟು ತಂದದ್ದು. ಮಣಿಕಟ್ಟು ನೋವು, ಬಾಣಲೆ ಎತ್ತಿ ಉಜ್ಜೋಕಾಗಲ್ಲ ಅಂತ ಆರು ತಿಂಗಳು ಮನೆಯವರನ್ನು ಒಪ್ಪಿಸಿ ತಂದದ್ದು. ಮೂರೂವರೆ ವರ್ಷಕ್ಕೆ ಯಂತ್ರ ಮಲಗಿತು. ರಿಪೇರಿಗೆ ಬಂದ ಹುಡುಗ ಹೇಳಿದ ಮೊತ್ತ ಕೇಳಿ ಯಜಮಾನರು ಪೇಪರಿನಿಂದ ತಲೆಯೆತ್ತಿ, 'ನಾನು ಆವತ್ತೇ ಹೇಳಿದ್ದೆ' ಅಂದರು. ಅಲ್ಲಿಗೆ ಮುಗಿಯಿತು. ಈಗ ಆಕೆ ಮತ್ತೆ ಸಿಂಕಿನ ಮುಂದೆ.

ಗಮನಿಸಿದ್ದೀರಾ? ಟಿ.ವಿ. ಕೆಟ್ಟರೆ ಟಿ.ವಿ. ಕೆಟ್ಟಿತು, ಅಷ್ಟೆ. ಸ್ಕೂಟರ್ ಕೆಟ್ಟರೆ ಮೆಕ್ಯಾನಿಕ್ ಬರುತ್ತಾನೆ. ಆದರೆ ಹೆಂಗಸು ತನ್ನ ಕೈಗೆ ಸ್ವಲ್ಪ ಬಿಡುವು ಸಿಗಲಿ ಎಂದು ತಂದ ಯಂತ್ರ ಕೆಟ್ಟರೆ ಅದು ಅವಳ ತಪ್ಪು! ಮೂವತ್ತು-ಅರವತ್ತು ಸಾವಿರದ ಲೆಕ್ಕ ವರ್ಷಗಟ್ಟಲೆ ಊಟದ ತಟ್ಟೆಯ ಪಕ್ಕದಲ್ಲೇ ಕೂತಿರುತ್ತದೆ. ಎರಡನೇ ಸಲ ಕೇಳಲು ಯಾರಿಗೂ ಬಾಯಿ ಬರುವುದಿಲ್ಲ. ಆದ್ದರಿಂದಲೇ ಮೊದಲ ಸಲ ಕೊಂಡದ್ದು ಬಾಳಬೇಕು, ಎಂಟು-ಹತ್ತು ವರ್ಷವಾದರೂ ಬಾಳಬೇಕು.

ಬಾಳುವ ಯಂತ್ರ ಯಾವುದು ಅಂತ ಕೇಳಿದರೆ ಎಲ್ಲರೂ ಕಂಪನಿಯ ಹೆಸರು ಹೇಳುತ್ತಾರೆ. 'ಬಾಷ್ ತಗೊಳ್ರೀ', 'ಐಎಫ್‌ಬಿ ನಮ್ಮ ಅಕ್ಕನ ಮನೇಲಿದೆ', 'ಎಲ್‌ಜಿ ಸದ್ದು ಮಾಡಲ್ಲ'. ಹೆಸರು ಮುಖ್ಯವಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಒಂದೇ ಕಂಪನಿಯ ಒಂದೇ ಮಾಡೆಲ್ ಒಬ್ಬರ ಮನೆಯಲ್ಲಿ ಹನ್ನೊಂದು ವರ್ಷ, ಮತ್ತೊಬ್ಬರ ಮನೆಯಲ್ಲಿ ಮೂರು ವರ್ಷ ಬಂದದ್ದನ್ನು ಕಂಡಿದ್ದೇನೆ. ವ್ಯತ್ಯಾಸ ಇದ್ದದ್ದು ಎರಡರಲ್ಲಿ. ಒಂದು, ಮನೆಗೆ ಬರುವ ನೀರು. ಇನ್ನೊಂದು, ಕೆಟ್ಟಾಗ ಬಂದು ನೋಡುವ ಕೈ.

ನೀರಿನ ಕಥೆ ಮೊದಲು

ಗೆಳತಿಯ ಯಂತ್ರ ಬಿಚ್ಚಿದಾಗ ನಾನೂ ಅಲ್ಲಿದ್ದೆ. ಹೀಟರಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪೊರೆ. ಹಳೇ ಗೀಸರಿನ ಕಾಯಿಲ್ ನೋಡಿದ್ದೀರಲ್ಲ, ಥೇಟ್ ಹಾಗೆ. ಉಪ್ಪಿನ ತೊಟ್ಟಿಯ ಮುಚ್ಚಳ ತಿರುಗಿಸಿದರೆ ಒಳಗೆ ಬರೀ ನೀರು, ಒಂದು ಹರಳು ಉಪ್ಪಿಲ್ಲ. 'ಇದಕ್ಕೆ ಉಪ್ಪು ಹಾಕಬೇಕು ಅಂತ ನನಗೆ ಯಾರೂ ಹೇಳಲೇ ಇಲ್ವಲ್ಲ' ಎಂದಳು. ಮಾರಿದವರು ಹೇಳಿರಲಿಲ್ಲ, ಕೂರಿಸಿ ಹೋದವನೂ ಹೇಳಿರಲಿಲ್ಲ. ಕೈಪಿಡಿ ಪ್ಲಾಸ್ಟಿಕ್ ಕವರಿನಲ್ಲೇ ಭದ್ರವಾಗಿತ್ತು!

ನಮ್ಮ ಬಯಲುಸೀಮೆಯ ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಅದೇ ಗಡಸು ನೀರು. ಬಿಸಿ ಮಾಡಿದಾಗ ಇವು ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಡಿಶ್‌ವಾಷರ್‌ನ ಕೆಲಸವೇ ನೀರು ಬಿಸಿ ಮಾಡುವುದು. ಹೀಟರ್, ನೀರು ಚಿಮ್ಮುವ ರೆಕ್ಕೆಯ ತೂತು, ವಾಲ್ವು, ಎಲ್ಲ ಕಡೆಯೂ ನಿಧಾನವಾಗಿ ಸುಣ್ಣ ಕಟ್ಟುತ್ತದೆ. ಪೊರೆ ದಪ್ಪವಾದಷ್ಟೂ ಹೀಟರ್ ಹೆಚ್ಚು ಹೊತ್ತು ಕಾಯಬೇಕು, ಕೊನೆಗೆ ಸುಟ್ಟುಹೋಗುತ್ತದೆ.

ಇದಕ್ಕೆ ಮದ್ದು ಯಂತ್ರದೊಳಗೇ ಇದೆ. ತಳದಲ್ಲಿ ರಾಳದ ಸಣ್ಣ ಸಣ್ಣ ಮಣಿಗಳಿರುವ ಒಂದು ಅರೆ. ಹಾದುಹೋಗುವ ನೀರಿನಿಂದ ಆ ಮಣಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿಹೋದಾಗ ಅವನ್ನು ಮತ್ತೆ ತಯಾರು ಮಾಡುವುದು ಉಪ್ಪುನೀರು. ನಾವು ಹಾಕುವ ಉಪ್ಪು ಪಾತ್ರೆಗಲ್ಲ, ಈ ಮಣಿಗಳಿಗೆ. ಉಪ್ಪು ಇಲ್ಲದಿದ್ದರೆ ಕೆಲವೇ ವಾರದಲ್ಲಿ ಅರೆ ಇದ್ದೂ ಇಲ್ಲದ ಹಾಗೆ.

ಅಡುಗೆ ಉಪ್ಪು ಹಾಕಬಹುದಾ? ಬೇಡಿ. ಅದರಲ್ಲಿ ಅಯೋಡಿನ್ ಇದೆ, ಗಂಟು ಕಟ್ಟದಿರಲು ಬೆರೆಸಿದ ಪುಡಿ ಇದೆ. ನುಣ್ಣಗಿರುವುದರಿಂದ ಗಸಿಯಾಗಿ ಕಟ್ಟಿಕೊಳ್ಳುತ್ತದೆ. ಕಲ್ಲುಪ್ಪು ಅಗ್ಗ ನಿಜ, ಆದರೆ ಅದರ ಜೊತೆ ಬರುವ ಮಣ್ಣು, ಮೆಗ್ನೀಸಿಯಂ ಎಲ್ಲಿಗೆ ಹೋಗಬೇಕು? ಡಿಶ್‌ವಾಷರ್ ಉಪ್ಪು ಅಂತಲೇ ಸಿಗುತ್ತದೆ, ಅದನ್ನೇ ತನ್ನಿ. ಈ ಒಂದು ವಿಷಯದಲ್ಲಿ ಉಳಿತಾಯದ ಬುದ್ಧಿ ಬೇಡ.

ಹಾಗಾದರೆ ಅಂಗಡಿಗೆ ಹೋಗುವ ಮೊದಲ ಕೆಲಸ ಏನು? ನಿಮ್ಮ ನೀರಿನ ಗಡಸುತನ ತಿಳಿದುಕೊಳ್ಳುವುದು. ವಾಟರ್ ಫಿಲ್ಟರ್ ಮಾರುವವರು ಅದ್ದಿ ತೋರಿಸುವ ಟಿಡಿಎಸ್ ಮೀಟರ್ ಇದಕ್ಕೆ ಸಾಲದು. ಅದು ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ಎಣಿಸುತ್ತದೆ, ಗಡಸುತನವನ್ನೇ ಬೇರೆಯಾಗಿ ಹೇಳುವುದಿಲ್ಲ. ಗಡಸುತನ ನೋಡುವ ಕಾಗದದ ಪಟ್ಟಿಗಳು ಸಿಗುತ್ತವೆ, ಇಲ್ಲವೇ ನೀರು ಪರೀಕ್ಷಿಸುವ ಲ್ಯಾಬಿಗೆ ಒಂದು ಬಾಟಲಿ ಕೊಡಿ. ಅಪಾರ್ಟ್‌ಮೆಂಟಿನಲ್ಲಿದ್ದರೆ ಅಸೋಸಿಯೇಷನ್ ಹತ್ತಿರ ಪರೀಕ್ಷೆಯ ವರದಿ ಇದ್ದೇ ಇರುತ್ತದೆ, ನಾಚಿಕೆಯಿಲ್ಲದೆ ಕೇಳಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಅಡ್ಡಿಯಿಲ್ಲ. ಕಾವೇರಿ ನೀರು ಬರುವ ಮನೆಯವರು ಅಷ್ಟೇನೂ ಹೆದರಬೇಕಿಲ್ಲ. ಕರಾವಳಿಯ ಬಾವಿನೀರು, ಮಲೆನಾಡಿನ ನೀರು ಸಾಮಾನ್ಯವಾಗಿ ಮೆದು. ಬೋರ್‌ವೆಲ್, ಟ್ಯಾಂಕರ್ ನಂಬಿದವರು ಮಾತ್ರ ಈ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದಾಗ ಎಷ್ಟು ಮನೆಯ ಸಂಪಿಗೆ ಎಲ್ಲೆಲ್ಲಿಯ ನೀರು ಬಂದು ಬಿತ್ತೋ! ಎರಡು ಮೂರು ಬಗೆಯ ನೀರು ಬರುವ ಮನೆಯಾದರೆ ಅತಿ ಗಡಸು ನೀರಿನ ಲೆಕ್ಕವನ್ನೇ ಹಿಡಿಯಿರಿ.

ಒಂದು ಚಿಕ್ಕ ಲೆಕ್ಕ ಹೇಳಿಕೊಡುತ್ತೇನೆ, ಕೈಪಿಡಿ ಓದುವಾಗ ಬೇಕಾಗುತ್ತದೆ. ಯಂತ್ರದ ಪುಸ್ತಕದಲ್ಲಿ ಗಡಸುತನವನ್ನು ಜರ್ಮನ್ ಡಿಗ್ರಿಯಲ್ಲಿ ಕೊಟ್ಟಿರುವುದುಂಟು. ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ. ನಿಮ್ಮ ವರದಿ 480 ಎಂದರೆ ಹದಿನೆಂಟರಿಂದ ಭಾಗಿಸಿ, ಹೆಚ್ಚುಕಡಿಮೆ 27 ಡಿಗ್ರಿ. ಆ ಅಂಕಿ ಹಿಡಿದುಕೊಂಡು ಅಂಗಡಿಯವರನ್ನು ಕೇಳಿ: 'ಈ ಮಾಡೆಲ್ ಎಷ್ಟು ಡಿಗ್ರಿವರೆಗೆ ತಡೆಯುತ್ತದೆ?' ಪೆಚ್ಚಾಗಿ ನೋಡಿದರೆ ಕೈಪಿಡಿ ತೋರಿಸಲು ಹೇಳಿ. ಒಳ್ಳೆಯ ಯಂತ್ರಗಳು 50ರ ಆಸುಪಾಸಿನವರೆಗೂ ತಡೆಯುತ್ತವೆ. ಕೆಲವು ಚಿಕ್ಕ, ಅಗ್ಗದ ಯಂತ್ರಗಳಲ್ಲಿ ಮೆದುಗೊಳಿಸುವ ಅರೆಯೇ ಇರುವುದಿಲ್ಲ. ಬಾಗಿಲು ತೆಗೆದು ತಳದಲ್ಲಿ ಉಪ್ಪು ಹಾಕುವ ಮುಚ್ಚಳ ಇದೆಯಾ ನೋಡಿ. ಇಲ್ಲದಿದ್ದರೆ ಬೋರ್ ನೀರಿನವರು ಅಲ್ಲಿಂದಲೇ ಹಿಂದಿರುಗಿ. 'ಎಲ್ಲವೂ ಒಂದರಲ್ಲೇ' ಎನ್ನುವ ಟ್ಯಾಬ್ಲೆಟ್ ಹಾಕಿದರೆ ಉಪ್ಪು ಬೇಡ ಎಂದು ಹೇಳುವವರಿದ್ದಾರೆ. ಸುಮಾರು 21 ಡಿಗ್ರಿ ದಾಟಿದ ನೀರಿಗೆ ಆ ಮಾತು ಸಾಮಾನ್ಯವಾಗಿ ನಡೆಯುವುದಿಲ್ಲ.

ಅಂಗಡಿಯ ಮಾತು, ಮನೆಯ ಲೆಕ್ಕ

'ಹದಿಮೂರು ಪ್ಲೇಸ್ ಸೆಟ್ಟಿಂಗ್ ಮೇಡಂ, ಹದಿಮೂರು ಜನರ ಪಾತ್ರೆ ಹಿಡಿಯುತ್ತೆ' ಎನ್ನುತ್ತಾರೆ. ಆ ಲೆಕ್ಕ ಯುರೋಪಿನ ಊಟದ ಮೇಜಿನದು. ತಟ್ಟೆ, ಸೂಪಿನ ಬಟ್ಟಲು, ಕಪ್ಪು-ಸಾಸರು, ಗ್ಲಾಸು, ಚಮಚ-ಮುಳ್ಳುಚಮಚ ಇಷ್ಟು ಒಬ್ಬರ ಲೆಕ್ಕ. ಅದರಲ್ಲಿ ಸಾರಿನ ಪಾತ್ರೆ, ದೋಸೆ ಹಿಟ್ಟಿನ ಡಬರಿ, ಇಡ್ಲಿ ತಟ್ಟೆ, ಹಾಲಿನ ಪಾತ್ರೆ ಎಲ್ಲಿವೆ? ನಾಲ್ಕು ಜನರ ನಮ್ಮ ಮನೆಗೆ ಹನ್ನೆರಡರಿಂದ ಹದಿನಾಲ್ಕರದೇ ಸರಿ. ಎಂಟರದು ಗಂಡ-ಹೆಂಡತಿ ಇಬ್ಬರೇ ಇದ್ದರೆ ಸಾಕು. ನಿಮ್ಮ ಮನೆಯ ಅತಿ ದೊಡ್ಡ ಬಾಣಲೆಯನ್ನು ಚೀಲದಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ, ಕೆಳಗಿನ ತಟ್ಟಿಯಲ್ಲಿ ಬೋರಲು ಹಾಕಿ ನೋಡಿ. ನಗುವವರು ನಗಲಿ! ಮೇಲಿನ ತಟ್ಟಿಯನ್ನು ಎತ್ತರಿಸಲು ಬರುತ್ತದೆಯೇ, ತಟ್ಟೆ ನಿಲ್ಲಿಸುವ ಕಡ್ಡಿಗಳು ಮಡಚುತ್ತವೆಯೇ ನೋಡಿ. ಪರದೆಯ ಮೇಲಿನ ದೀಪ, ಫೋನಿನಿಂದ ನಡೆಸುವ ಸೌಕರ್ಯ ಇವಕ್ಕಿಂತ ಇದು ದಿನಾ ಬೇಕಾಗುವಂಥದ್ದು. ಗುಂಡಿ ಹೆಚ್ಚಾದಷ್ಟೂ ಕೆಡುವ ಜಾಗವೂ ಹೆಚ್ಚು ಎಂದು ನನ್ನ ಅಭಿಪ್ರಾಯ. ನಾನು ಬಳಸುವುದು ಎರಡೇ: ದಿನದ ಪಾತ್ರೆಗೆ ಒಂದು, ಎಣ್ಣೆ ಜಿಡ್ಡಿನ ಬಾಣಲೆಗೆ 70 ಡಿಗ್ರಿ ಬಿಸಿಯದು ಒಂದು.

ಒಳಗೋಡೆ, ತಳ ಎರಡೂ ಸ್ಟೀಲಿನದಾಗಿರಲಿ. ಗೋಡೆ ಸ್ಟೀಲು, ತಳ ಪ್ಲಾಸ್ಟಿಕ್ ಇರುವುದೂ ಇದೆ, ಬಗ್ಗಿ ನೋಡದೆ ತಿಳಿಯುವುದಿಲ್ಲ. ಮೋಟರು ಇನ್ವರ್ಟರ್ ಬಗೆಯದಾದರೆ ಉಜ್ಜಿ ಸವೆಯುವ ಬ್ರಷ್ ಇರುವುದಿಲ್ಲ, ಸದ್ದೂ ಕಡಿಮೆ.

ಇನ್ನು ನಮ್ಮ ಪಾತ್ರೆಗಳ ವಿಷಯ. ಅಲ್ಯೂಮಿನಿಯಂ ಕುಕ್ಕರ್ ಹಾಕಿದರೆ ಕಪ್ಪಗಾಗುತ್ತದೆ, ಮತ್ತೆ ಹೊಳಪು ಬರುವುದಿಲ್ಲ. ಕಬ್ಬಿಣದ ಕಾವಲಿ ತುಕ್ಕು ಹಿಡಿಯುತ್ತದೆ. ಹಿತ್ತಾಳೆ, ತಾಮ್ರ, ದೇವರ ಬೆಳ್ಳಿ ಸಾಮಾನು, ಮರದ ಸೌಟು, ಕಲ್ಲಿನ ಪಾತ್ರೆ, ಮಿಕ್ಸಿ ಜಾರು ಇವಾವುವೂ ಒಳಗೆ ಹೋಗಬಾರದು. ಸ್ಟೀಲು, ಗಾಜು, ಪಿಂಗಾಣಿ ಮಾತ್ರ. ನಿಮ್ಮ ಮನೆಯ ಒಂದು ದಿನದ ಮುಸುರೆಯನ್ನು ಎರಡು ಗುಂಪು ಮಾಡಿ ನೋಡಿ. ಅರ್ಧಕ್ಕಿಂತ ಹೆಚ್ಚು ಅಲ್ಯೂಮಿನಿಯಂ, ಕಬ್ಬಿಣವೇ ಇದ್ದರೆ ಯಂತ್ರ ಕೊಳ್ಳುವ ಮೊದಲು ಯೋಚಿಸಬೇಕಾದ್ದು ಇದೆ. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ.

ನೀರು, ಕರೆಂಟು ಎಷ್ಟು ಅಂತ ಅತ್ತೆಯವರು ಕೇಳಿಯೇ ಕೇಳುತ್ತಾರೆ. ಒಂದು ಸುತ್ತಿಗೆ ಹತ್ತು-ಹನ್ನೆರಡು ಲೀಟರ್ ನೀರು, ಹೆಚ್ಚುಕಡಿಮೆ ಒಂದು ಯೂನಿಟ್ ಕರೆಂಟು. ನಲ್ಲಿ ಬಿಟ್ಟುಕೊಂಡು ತೊಳೆಯುವವರಿಗೆ ಎರಡು ನಿಮಿಷಕ್ಕೇ ಅಷ್ಟು ನೀರು ಹೋಗಬಹುದು. ಬಕೆಟ್ಟಿನಲ್ಲಿ ಅದ್ದಿ ಜಾಲಿಸುವವರಿಗೆ ಮಾತ್ರ ಇದರಿಂದ ದೊಡ್ಡ ಉಳಿತಾಯವೇನೂ ಆಗದು, ಸುಳ್ಳು ಯಾಕೆ ಹೇಳಲಿ? 'ಎಂಜಲು ತಟ್ಟೆಯನ್ನೂ ಅಡುಗೆ ಪಾತ್ರೆಯನ್ನೂ ಒಟ್ಟಿಗೆ ಹಾಕೋದಾ?' ಎಂಬ ಇನ್ನೊಂದು ಪ್ರಶ್ನೆಯೂ ಬರುತ್ತದೆ. ನಮ್ಮತ್ತೆ ಕೇಳಿದ್ದರು. ಬೆಳಿಗ್ಗೆ ಅಡುಗೆ ಪಾತ್ರೆ, ರಾತ್ರಿ ಊಟದ ತಟ್ಟೆ ಎಂದು ಎರಡು ಸುತ್ತು ಮಾಡಿದೆ. ಮೂರನೇ ವಾರಕ್ಕೆ ಅವರೇ ಒಟ್ಟಿಗೆ ಹಾಕಲು ಶುರು ಮಾಡಿದರು.

ಕೂರಿಸುವ ಜಾಗ ಗೊತ್ತುಮಾಡಿ. ಅರ್ಥಿಂಗ್ ಇರುವ 16 ಆಂಪ್ ಪ್ಲಗ್ ಬೇಕು, ಮಿಕ್ಸಿಯ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಎಳೆಯಬೇಡಿ. ನೀರಿನ ಒತ್ತಡಕ್ಕೆ ಟ್ಯಾಂಕು ನಲ್ಲಿಗಿಂತ ಎತ್ತರದಲ್ಲಿರಬೇಕು. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ ಎಂದು ಲೆಕ್ಕ. ಯಂತ್ರ ಕನಿಷ್ಠ 0.3 ಬಾರ್ ಕೇಳಿದರೆ ಮೂರು ಮೀಟರ್ ಎತ್ತರವಾದರೂ ಬೇಕು. ಟ್ಯಾಂಕಿನ ಕೆಳಗೇ ಇರುವ ಮೇಲಂತಸ್ತಿನ ಮನೆಯವರು ಇದನ್ನು ಪ್ಲಂಬರ್ ಹತ್ತಿರ ನೋಡಿಸಿಕೊಳ್ಳಲೇಬೇಕು. ಯುಟಿಲಿಟಿಯಲ್ಲಿ ಮಳೆ ಎರಚಲು ಬೀಳುವ ಮೂಲೆ ಬೇಡ. ಮತ್ತೆ ಇಲಿ! ನೀರು ಹೊರಹೋಗುವ ಪೈಪನ್ನು ಇಲಿ ಕಡಿದು, ಅಡುಗೆಮನೆ ತುಂಬ ನೀರಾಗುವುದು ನೆಲಮಾಳಿಗೆಯ ಮನೆಗಳಲ್ಲಿ ಹೊಸದೇನಲ್ಲ. ಬೆಚ್ಚಗಿನ ಜಾಗವೆಂದು ಜಿರಲೆ ಸರ್ಕ್ಯೂಟ್ ಬೋರ್ಡಿನಲ್ಲಿ ಮನೆ ಮಾಡುತ್ತದೆ. ತಳಕ್ಕೆ ಜಾಲರಿ ಹಾಕಿಸಿ. ವೋಲ್ಟೇಜ್ ಏರಿಳಿಯುವ ಬಡಾವಣೆಯಾದರೆ ಸ್ಟೆಬಿಲೈಸರ್ ದುಡ್ಡನ್ನೂ ಯಂತ್ರದ ಬೆಲೆಯ ಜೊತೆಗೇ ಸೇರಿಸಿ ಲೆಕ್ಕ ಹಾಕಿ.

ಕೆಟ್ಟಾಗ ಯಾರು ಬರುತ್ತಾರೆ?

ಕೆಡದ ಯಂತ್ರ ಇಲ್ಲ. ಆದ್ದರಿಂದ ಬೆಲೆ ಕೇಳುವ ಮೊದಲು ಬಿಡಿಭಾಗದ ಬೆಲೆ ಕೇಳಿ. ಇದು ತಲೆಕೆಳಗಾದ ಮಾತೆನಿಸಬಹುದು. ಆದರೆ ನನ್ನ ಗೆಳತಿಗೆ ಯಾರಾದರೂ ಆವತ್ತೇ ಇದನ್ನು ಹೇಳಿದ್ದರೆ ಈರುಳ್ಳಿ ಬುಟ್ಟಿ ಬೇರೆ ಕಡೆ ಇರುತ್ತಿತ್ತು. ಈಗಿನ ಹಲವು ಯಂತ್ರಗಳಲ್ಲಿ ಪಂಪು ಮತ್ತು ಹೀಟರ್ ಒಂದೇ ತುಂಡು. ಹೀಟರ್ ಸುಟ್ಟರೆ ಸರಿಯಿರುವ ಪಂಪನ್ನೂ ಸೇರಿಸಿ ಬದಲಾಯಿಸಬೇಕು. ಆಕೆಗೆ ಹೇಳಿದ ದೊಡ್ಡ ಮೊತ್ತ ಅದರದೇ.

ಕಂಪನಿಯ ಸರ್ವಿಸ್ ನಂಬರಿಗೆ ಕೊಳ್ಳುವ ಮುಂಚೆಯೇ ಫೋನ್ ಮಾಡಿ. ನಿಮ್ಮ ಪಿನ್‌ಕೋಡ್ ಹೇಳಿ. ಮೆಕ್ಯಾನಿಕ್ ನಿಮ್ಮೂರಿನಲ್ಲೇ ಇದ್ದಾನೋ, ವಾರಕ್ಕೊಮ್ಮೆ ಬೇರೆ ಊರಿನಿಂದ ಬರುತ್ತಾನೋ? ನೀರು ಒಳಬಿಡುವ ವಾಲ್ವು, ಪಂಪು, ಬೋರ್ಡು ಈ ಮೂರರ ಬೆಲೆ ಎಷ್ಟು? ಈ ಮಾಡೆಲ್ ನಿಂತುಹೋದ ಮೇಲೆ ಎಷ್ಟು ವರ್ಷ ಬಿಡಿಭಾಗ ಕೊಡುತ್ತೀರಿ? ಯುರೋಪಿನ ಒಕ್ಕೂಟದಲ್ಲಿ 2021ರ ಮಾರ್ಚಿನಿಂದ ಡಿಶ್‌ವಾಷರಿನ ಕೆಲವು ಭಾಗಗಳನ್ನು ಕನಿಷ್ಠ 7 ವರ್ಷ, ಕೆಲವನ್ನು 10 ವರ್ಷ ಒದಗಿಸಲೇಬೇಕೆಂದು ನಿಯಮವಾಗಿದೆ. ಇಲ್ಲಿ ಆ ಪ್ರಶ್ನೆಯನ್ನು ನಾವೇ ಕೇಳಿ, ಉತ್ತರವನ್ನು ಇ-ಮೇಲಿನಲ್ಲಿ ತರಿಸಿಕೊಳ್ಳಬೇಕು. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. 'ಹತ್ತು ವರ್ಷ ವಾರಂಟಿ' ಅಂತ ದಪ್ಪ ಅಕ್ಷರದಲ್ಲಿದ್ದರೆ ಯಾವ ಭಾಗಕ್ಕೆ ಎಂದು ಕೆಳಗಿನ ಸಣ್ಣ ಅಕ್ಷರ ಓದಿ. ಒಳಗಿನ ಸ್ಟೀಲ್ ತೊಟ್ಟಿಗೋ ಮೋಟರಿಗೋ ಮಾತ್ರ ಇರುತ್ತದೆ. ಬೋರ್ಡಿಗೆ, ವಾಲ್ವಿಗೆ ಎಷ್ಟು ಎಂಬುದೇ ನಮಗೆ ಬೇಕಾದದ್ದು. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್ಲು, ದೂರು ಕೊಟ್ಟ ದಿನ, ಬಂದವನು ಬರೆದುಕೊಟ್ಟ ಚೀಟಿ ಎಲ್ಲ ಒಂದೇ ಫೈಲಿನಲ್ಲಿರಲಿ.

ನಮ್ಮ ಕೈಯಲ್ಲಿರುವುದೂ ಇದೆ. ಪಾತ್ರೆ ಮೊದಲೇ ತೊಳೆದು ಒಳಗಿಡುವುದು ಬೇಡ, ಬಳಿದು ಹಾಕಿದರೆ ಸಾಕು. ಆದರೆ ಒಗ್ಗರಣೆಯ ಸಾಸಿವೆ ನೋಡಿಕೊಳ್ಳಿ. ನೀರು ಚಿಮ್ಮುವ ತೂತಿಗೂ ಸಾಸಿವೆ ಕಾಳಿಗೂ ಅದೆಂಥ ನಂಟೋ, ಸರಿಯಾಗಿ ಹೋಗಿ ಕೂರುತ್ತದೆ! ಕರಿಬೇವಿನ ಕಡ್ಡಿಯೂ ಹಾಗೇ. ತಳದ ಜಾಲರಿಯನ್ನು ಎರಡು ದಿನಕ್ಕೊಮ್ಮೆ ತೆಗೆದು ನಲ್ಲಿಯಡಿ ಹಿಡಿಯಿರಿ, ತಿಂಗಳಿಗೊಮ್ಮೆ ರೆಕ್ಕೆ ಬಿಚ್ಚಿ ಕಡ್ಡಿಯಿಂದ ತೂತು ಚುಚ್ಚಿ. ಸಿಂಕಿಗೆ ಬಳಸುವ ಸೋಪನ್ನು ಮಾತ್ರ ಹಾಕಬೇಡಿ. ನೊರೆ ಉಕ್ಕಿ ಬಾಗಿಲಿನಿಂದ ಹೊರಗೆ ಬರುತ್ತದೆ.

ಕೆಲಸದಾಕೆಯ ಮಾತು ಬಿಟ್ಟರೆ ಈ ಬರಹ ಅರ್ಧವಾಗುತ್ತದೆ. 2020ರ ಲಾಕ್‌ಡೌನಿನಲ್ಲಿ ಆಕೆ ಬರಲಾಗದೇ ಇದ್ದಾಗಲೇ ನಮ್ಮಲ್ಲಿ ಎಷ್ಟೋ ಜನ ಈ ಯಂತ್ರ ಕೊಂಡದ್ದು. ಮಿಷನ್ ಬಂತು ಎಂದು ಹತ್ತು ವರ್ಷ ಬಂದವಳನ್ನು ತಿಂಗಳ ಕೊನೆಗೆ ಕಳಿಸಿದ ಮನೆಗಳೂ ಇವೆ. ಅಲ್ಯೂಮಿನಿಯಂ, ಕಬ್ಬಿಣದ ಪಾತ್ರೆ ಹೇಗೂ ಕೈಯಲ್ಲೇ ಆಗಬೇಕು. ಸಂಬಳ ಇಳಿಸದೆ ಕೆಲಸ ಬದಲಿಸಿ. ನಮ್ಮ ಮನೆಗೆ ಬರುವಾಕೆ ಈಗ ಪಾತ್ರೆ ತುಂಬುವುದರಲ್ಲಿ ನನಗಿಂತ ಜಾಣೆ. ಜಾಲರಿ ತೊಳೆಯುವುದನ್ನು ನಾನು ಮರೆತರೂ ಆಕೆ ಮರೆಯುವುದಿಲ್ಲ.

ಕೊನೆಗೆ, ಯಂತ್ರ ಕೂರಿಸುವ ದಿನ. ಬಂದ ಹುಡುಗನಿಗೆ ಅವಸರ ಇರುತ್ತದೆ, ಇನ್ನೂ ನಾಲ್ಕು ಮನೆ ಬಾಕಿ. ಪೈಪು ಸಿಕ್ಕಿಸಿ, ಒಂದು ಸುತ್ತು ಓಡಿಸಿ ಸಹಿ ಕೇಳುತ್ತಾನೆ. ಪೆನ್ನು ಹಿಡಿಯುವ ಮೊದಲು ನಿಮ್ಮ ನೀರಿನ ವರದಿ ತೋರಿಸಿ, ಗಡಸುತನದ ಹಂತವನ್ನು ನಿಮ್ಮ ಕಣ್ಣೆದುರೇ ಹೊಂದಿಸಲು ಹೇಳಿ. ಉಪ್ಪು ಮೊದಲ ಸಲ ಅವನೇ ತುಂಬಲಿ, ನೀವು ನೋಡಿ ಕಲಿಯಿರಿ. ಎಷ್ಟಕ್ಕೆ ಹೊಂದಿಸಿದ್ದು, ಯಾವ ತಾರೀಕು ಎಂದು ಒಂದು ಚೀಟಿಯಲ್ಲಿ ಬರೆದು ಯಂತ್ರದ ಪಕ್ಕದ ಕಪಾಟಿನ ಬಾಗಿಲಿಗೆ ಒಳಗಿನಿಂದ ಅಂಟಿಸಿ. ನಮ್ಮ ಎದುರುಮನೆಯ ಗೆಳತಿ ಮತ್ತೆ ಚೀಟಿ ಕಟ್ಟುತ್ತಿದ್ದಾಳೆ, ಬರುವ ಯುಗಾದಿಗೆ ಮುಗಿಯುತ್ತದೆ. ಲ್ಯಾಬಿಗೆ ಕೊಟ್ಟ ಬಾಟಲಿಯ ವರದಿ ಮೊನ್ನೆ ಬಂತು, 540. ಭಾಗಿಸಿ ನೋಡಿ, 30 ಡಿಗ್ರಿ.